ಅಂಚಿನ ಲಾಳಿ

1911 ಅಥವಾ 12ರ ಬೇಸಿಗೆ. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಮೊಳಕಾಲ್ಮೂರಿಗೆ ಬಂದಿದ್ದೆ. ಗೆಳೆಯರ ನಾಟಕ ಸಂಘದಲ್ಲಿ ನಟ ನಾನೇ, ಕಾದಂಬರಿಯನ್ನು ರಂಗಕ್ಕೆ ಅಳವಡಿಸುವ ರೂಪಾಂತರಕಾರನೂ ನಾನೇ. ವರ್ಷದ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ಆದ ಅವಮಾನದ ವಿಷಯದಲ್ಲಿ ನಂಬಬಹುದು.

ಕಾದಂಬರಿ ಇಬ್ಬರು ನೇಕಾರ ಸಹೋದರರದು. ತಮ್ಮ ಜಗಳವಾಡಿ ಮನೆ ಬಿಡುತ್ತಾನೆ. ಅಣ್ಣ ಹದಿನೆಂಟು ಪುಟ ಒಬ್ಬನೇ ಕೊರಗುತ್ತಾನೆ. ಆ ಪುಟಗಳನ್ನು ನಾನು ಉದ್ದನೆಯ ಭಾಷಣವಾಗಿಸಿ, ಅಣ್ಣನಾಗಿ ಮಗ್ಗದಲ್ಲಿ ಕೂತು ಅಗಲ ಅಂಚಿನ ರೇಷ್ಮೆ ಸೀರೆ ನೇಯುತ್ತ ಒಪ್ಪಿಸಿದೆ. ಮೊದಲ ಪ್ರಯೋಗ ನೇಕಾರರ ಬೀದಿಯಲ್ಲಿ. ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಇಡೀ ಬೀದಿ ನಗುತ್ತಿತ್ತು.

ವಾರದ ನಂತರ ಚಳ್ಳಕೆರೆಯಲ್ಲಿ ಎರಡನೆಯ ಪ್ರಯೋಗವಿತ್ತು. ತಮ್ಮನ ಪಾತ್ರ ಮಾಡಿದ್ದ ರಂಗಣ್ಣ, "ಬಿಡಲೇ, ಪೌರಾಣಿಕ ಆಡಾಣ. ಗದೆ ಹಿಡ್ಕಂಡೋನ್ನ ನೋಡಿ ಯಾರೂ ನಗಲ್ಲ" ಎಂದ. ಉಳಿದವರೂ ತಲೆಯಾಡಿಸಿದರು. ಕಾದಂಬರಿ ರಂಗಕ್ಕೆ ಬರಬಲ್ಲದೆಂದು ಕಾಲೇಜಿನಲ್ಲಿ ಹಟ ಹಿಡಿದು ವಾದಿಸಿ ಬಂದವನು ನಾನು.

"ಮೂರು ದಿನ ಕೊಡ್ರಲೇ. ಆಗ್ಲಿಲ್ಲ ಅಂದ್ರೆ ನಾನೇ ಗದೆ ಹೊರ್ತೀನಿ" ಎಂದೆ.

ಮರುದಿನ ಬೆಳಿಗ್ಗೆ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹಿರಿಯ ನೇಕಾರ ಸಂಜೀವಪ್ಪನವರ ಮನೆಗೆ ಹೋದೆ.

"ರಾವಯ್ಯಾ, ಬಿ.ಎ.!" ಎಂದು ತೆಲುಗಿನಲ್ಲೇ ಒಳಗೆ ಬರಹೇಳಿ ಕೂರಿಸಿದರು.

"ಯಾಕ್ರೀ ನಕ್ಕಿದ್ದು?"

"ಅಗಲ ಅಂಚಿನ ಸೀರೆ ಅಂತೀಯ, ಒಬ್ನೇ ಕೂತೀಯ. ಆ ಕಡೆ ಲಾಳಿ ಯಾರಪ್ಪಾ ಹಾಕ್ತಿದ್ದಿದ್ದು, ದೆವ್ವನಾ?"

ಲಾಳಿ ಎಂದರೆ ಅಡ್ಡ ನೂಲು ಹೊತ್ತು ಓಡಾಡುವ ಸಾಧನ. ಅಂಥ ಸೀರೆಗೆ ಮಗ್ಗದಲ್ಲಿ ಇಬ್ಬರು ಬೇಕು: ಒಬ್ಬ ಒಡಲು ನೇಯ್ದರೆ, ಪಕ್ಕದವನು ಆ ಬದಿಯ ಅಂಚಿನ ಲಾಳಿ ಹಾಕಬೇಕು. ಕಾದಂಬರಿಕಾರರಿಗೂ ಇದು ತಿಳಿದಿರಲಿಲ್ಲ, ನನಗೂ.

ತಮ್ಮ ಹೋದ ಮೇಲೆ ಆ ಪಕ್ಕದ ಜಾಗವನ್ನು ಖಾಲಿಯೇ ಬಿಡಬೇಕೆಂಬ ಮಾತು ಆಗ ಬಂತು. ಎರಡು ದಿನ ಅವರ ಮಗ್ಗದಲ್ಲೇ ಕೂತು ಕೈ ಪಳಗಿಸಿಕೊಂಡೆ. ಭಾಷಣವನ್ನು ಪೂರ್ತಿ ಹೊಡೆದುಹಾಕಿದೆ. ಚಳ್ಳಕೆರೆಯವರಿಗೆ ಕಂಬಳಿ ಗೊತ್ತು, ರೇಷ್ಮೆ ಗೊತ್ತಿಲ್ಲ. ಆದ್ದರಿಂದ ಅಣ್ಣತಮ್ಮ ಕೂಡಿ ನೇಯುವ ದೃಶ್ಯವೊಂದನ್ನು ಮೊದಲಿಗೇ ಸೇರಿಸಿದೆ.

ಚಳ್ಳಕೆರೆಯಲ್ಲಿ ಆ ಸಂಜೆ, ತಮ್ಮ ಹೋದ ಮೇಲೆ, ಮಗ್ಗಕ್ಕೆ ಕೂತೆ. ನನ್ನ ಲಾಳಿ ಹಾಕಿದೆ. ಪಕ್ಕಕ್ಕೆ ತಿರುಗಿ ಕಾದೆ. ಮತ್ತೆ ಹಾಕಿದೆ, ಮತ್ತೆ ಕಾದೆ. ಯಾರೂ ನಗಲಿಲ್ಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು ತಡೆಯಲಾರದೆ, "ಅಯ್ಯೋ, ಯಾರಾರ ಹೋಗಿ ಕೂತ್ಕಳ್ರೋ ಅವ್ನ ಪಕ್ಕ!" ಎಂದು ಕೂಗಿದಳು. ಪರದೆಯ ಹಿಂದೆ ರಂಗಣ್ಣ ಅಳುತ್ತಿದ್ದ. ಈಗ ಕೇಳಿದರೆ ನೆಗಡಿಯಾಗಿತ್ತು ಅನ್ನುತ್ತಾನೆ.

ಮುಂದೆ ಮೂವತ್ತು ವರ್ಷ ಕಾದಂಬರಿಗಳನ್ನು ನಾಟಕ ಮಾಡುವುದೇ ನನ್ನ ಕಸುಬಾಯಿತು. ಆ ಖಾಲಿ ಜಾಗ ನನ್ನ ಕಲ್ಪನೆಯೆಂದೇ ಎಲ್ಲರಿಗೂ ಹೇಳುತ್ತ ಬಂದೆ, ನೆನಪಿರುವುದೂ ಹಾಗೆಯೇ. ಈಗ ಬರೆಯಲು ಕೂತಾಗ ಅನುಮಾನ ಶುರುವಾಗಿದೆ. ಮಗ್ಗದಲ್ಲಿ ಇಬ್ಬರು ಕೂರುತ್ತಾರೆಂದೇ ತಿಳಿಯದವನಿಗೆ, ಒಬ್ಬ ಎದ್ದುಹೋದರೆ ಏನಾಗುತ್ತದೆಂದು ಅಷ್ಟು ಬೇಗ ಹೊಳೆದೀತೆ? ನಾಟಕದ ಹಳೆಯ ಪ್ರತಿ ತೆಗೆದು ನೋಡಿದೆ. ಭಾಷಣದ ಮೇಲಿನ ಗೀಟು ನನ್ನದೇ. ಯಾರ ಮಾತಿಗೆ ಎಳೆದೆನೆಂದು ಬರೆದಿಲ್ಲ.

ನಕ್ಕವರ ಮನೆಗೆ ಮೊದಲು ಹೋಗಬೇಕೆಂದು ಕಸುಬು ಅಂದೇ ಕಲಿಸಿತ್ತು. ಅಲ್ಲಿ ಕೇಳಿದ್ದನ್ನು ಹೇಳಿದವರ ಹೆಸರಿನೊಡನೆ ಬರೆದಿಡಬೇಕೆಂಬುದನ್ನು ಕಲಿಯಲು ತಡವಾಯಿತು. ನಿನ್ನೆ ಆ ಪುಟದ ಅಂಚಿನಲ್ಲಿ ಸಂಜೀವಪ್ಪನವರ ಹೆಸರು ಬರೆದೆ.