ಎಳ್ಳನ್ನ ತಿಂದ ಮೀಸೆಮೀನು

ಹಳ್ಳದ ಮೀಸೆಮೀನು ನೀರಿನ ಮೇಲಕ್ಕೆ ಬಂದು ತಿನ್ನುವುದಿಲ್ಲ. ಹಗಲೆಲ್ಲ ಕಲ್ಲಿನಡಿ ಅಡಗಿದ್ದು, ಕತ್ತಲಾದ ಮೇಲೆ ಮೀಸೆಯಿಂದ ತಳವನ್ನು ತಡವುತ್ತ ಹೊರಡುತ್ತದೆ. ನೀರುಹುಳ, ಸಣ್ಣ ಸಿಗಡಿ, ಕೊಳೆತ ಎಲೆ, ಮೇಲಿನ ಮೀನುಗಳು ಬಿಟ್ಟು ಕೆಳಗಿಳಿದದ್ದು, ಯಾವುದೂ ಅದಕ್ಕೆ ವರ್ಜ್ಯವಲ್ಲ. ಇಷ್ಟನ್ನು ನಾನು ಖಚಿತವಾಗಿ ಬಲ್ಲೆ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ನನ್ನ ಪ್ರಬಂಧದ ವಿಷಯವೇ ಅದಾಗಿತ್ತು: ಬೆರಳುದ್ದದ ಈ ಮೀನಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದು.

ದಸರಾ ರಜೆಗೆ ಕಳಸದ ಹತ್ತಿರದ ನಮ್ಮ ತೋಟಕ್ಕೆ ಬಂದಾಗ ಅಪ್ಪಯ್ಯ ಒಂದು ಷರತ್ತು ಹಾಕಿದರು: ಮೀನು ಮನೆಯ ಮೆಟ್ಟಿಲು ಹತ್ತಬಾರದು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಕಾಫಿ ಹಣ್ಣಾಗುವವರೆಗೆ ಖಾಲಿ. ಅಲ್ಲಿಯ ಕಿಟಕಿಯ ಬಳಿ ಒಂದು ಹಲಗೆ ಹಾಕಿಕೊಂಡೆ. ತೋಟದ ಕೂಲಿಯವರ ಲೈನುಮನೆಯ ಹೆಂಗಸೊಬ್ಬಳು ಸಂಜೆ ಹಿಂದಿನ ಹಳ್ಳದಲ್ಲಿ ಬಿದಿರಿನ ಕೂಣಿ ಇಟ್ಟು, ಬೆಳಿಗ್ಗೆ ಅದರೊಳಗೆ ಸಿಕ್ಕಿದ ಮೀನನ್ನು ತಂದುಕೊಡುತ್ತಿದ್ದಳು. ಕೊಯ್ದು ನೋಡಿ, ಸ್ನಾನ ಮಾಡಿದ ಮೇಲೆ ನನಗೆ ಮನೆಯೊಳಗೆ ಪ್ರವೇಶ.

ಆ ರಜೆಯಲ್ಲೇ ಅಮ್ಮನ ಶ್ರಾದ್ಧ ಬಂತು. ನನ್ನನ್ನು ಕಾಲೇಜಿಗೆ ಕಳಿಸಲೇಬೇಕೆಂದು ಹಟ ಹಿಡಿದಿದ್ದವಳು ಅವಳೊಬ್ಬಳೇ. ಪಿಂಡವನ್ನು ಭದ್ರೆಗೇ ಬಿಡುವುದು ನಮ್ಮ ಮನೆಯ ಪದ್ಧತಿ. ಹೊಳೆಗೆ ಕಾಡಿನೊಳಗಿನ ಇಳಿಜಾರು ದಾರಿ, ದಾರಿಯುದ್ದ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ಅಣ್ಣ ಪಿಂಡ ಹಿಡಿದು ಹೊರಟವನು ಬೇಗ ಹಿಂದಿರುಗಿದ. ಎಲ್ಲರಿಗೂ ಹಸಿವಾಗಿತ್ತು, ಯಾರೂ ಕೇಳಲಿಲ್ಲ.

ಮರುದಿನ ಕೊಯ್ದ ಮೊದಲ ಮೀನಿನ ಹೊಟ್ಟೆಯಲ್ಲಿ ಅನ್ನದ ಅಗುಳಿನ ಚೂರುಗಳಿದ್ದವು, ಜೊತೆಗೆ ಕರಿ ಎಳ್ಳು. ಎರಡನೆಯದರಲ್ಲೂ ಅದೇ. ಎಳ್ಳು ಸ್ವಲ್ಪವೂ ಕರಗಿರಲಿಲ್ಲ. ಅದು ಯಾರಿಗೆ ಇಟ್ಟ ಅನ್ನವೆಂದು ಕೂಡಲೇ ತಿಳಿಯಿತು. ಹೇಳಬಾರದೆಂದುಕೊಂಡೇ ಮನೆಗೆ ಹೋದೆ.

ಮಧ್ಯಾಹ್ನ ಅಪ್ಪಯ್ಯ, ಅಣ್ಣ ಊಟಕ್ಕೆ ಕೂತಿದ್ದರು. ಅಪ್ಪಯ್ಯನ ಅಕ್ಕ, ಮನೆ ನೋಡಿಕೊಳ್ಳುತ್ತಿದ್ದ ನಮ್ಮತ್ತೆ, ನನ್ನ ಕೈಗೆ ಹುಳಿಯ ಪಾತ್ರೆ ಕೊಟ್ಟರು.

"ಅತ್ತೆ, ಹುಳಿ ಇವಳ ಕೈಲಿ ಬಡಿಸ್ಬೇಡಿ," ಎಂದ ಅಣ್ಣ. "ಮೀಸೆ ಸಿಕ್ಕಿದ್ರೆ ಕಷ್ಟ. ಅಮ್ಮನ ಶ್ರಾದ್ಧದ ಮಾರನೇ ದಿನವೂ ಮೀನು ಕೊಯ್ಯೋಳು ಇವಳೊಬ್ಬಳೇ ಇರ್ಬೇಕು."

ಅತ್ತೆ ನಕ್ಕರು. "ಅಲ್ವೇ, ಅಷ್ಟು ಕೊಯ್ತೀಯಲ್ಲ, ಏನಿರ್ತದೆ ಅದರ ಹೊಟ್ಟೇಲಿ?"

"ದಿನಾ ಹುಳ, ಪಾಚಿ. ಇವತ್ತು ಅನ್ನ, ಕರಿ ಎಳ್ಳು."

ಅಪ್ಪಯ್ಯನ ಕೈ ಎಲೆಯ ಮೇಲೆ ನಿಂತಿತು. "ಎಲ್ಲಿಯ ಮೀನು?"

"ಪಲ್ಪರ್ ಮನೆ ಹಿಂದಿನ ಹಳ್ಳದ್ದು."

"ಯಾರೋ ಎಸೆದಿರ್ಬೇಕು," ಎಂದ ಅಣ್ಣ.

"ಎಳ್ಳು ಕಲಸಿದ ಅನ್ನಾನ ಸುಮ್ನೆ ಯಾರು ಎಸೀತಾರೋ ಮಾರಾಯ?" ಎಂದ ಅತ್ತೆಗೆ, ಹಾಗೆಂದ ಮೇಲೆ ಅದು ಪಿಂಡದ ಅನ್ನವೆಂದು ಅರ್ಥವಾಯಿತು.

ಅಪ್ಪಯ್ಯ ಅಣ್ಣನನ್ನೇ ನೋಡಿದರು. ಅವನು ತಲೆ ತಗ್ಗಿಸಿ, "ಇಂಬಳ ಅಪ್ಪಯ್ಯ, ಕಾಲಿಡೋಕಾಗ್ಲಿಲ್ಲ. ಆ ಹಳ್ಳ ಹೋಗಿ ಸೇರೋದೂ ಭದ್ರೆಗೇ ಅಲ್ವಾ?" ಎಂದ.

ಅಪ್ಪಯ್ಯ ಅರ್ಧ ಊಟಕ್ಕೇ ಎದ್ದರು. ಇನ್ನು ಅಣ್ಣನಿಗೆ ಬೈಗುಳವೆಂದು ಕಾದೆ. ಕೈ ತೊಳೆದು ಬಂದವರು ನನ್ನ ಮುಂದೆ ನಿಂತರು.

"ನಿನ್ನಮ್ಮನಿಗೆ ಇಟ್ಟ ತುತ್ತನ್ನ ಕೊಯ್ದು ನೋಡಿದ್ಯಲ್ಲೇ. ಸಾಕು ಓದಿದ್ದು."

ಅಣ್ಣನ ತಪ್ಪಿಗೆ ಪ್ರಾಯಶ್ಚಿತ್ತವಿತ್ತು. ಪುರೋಹಿತರು ಬಂದು ಇನ್ನೊಮ್ಮೆ ಪಿಂಡ ಇಡಿಸಿದರು. ಈ ಸಲ ಅಣ್ಣ ಭದ್ರೆಯವರೆಗೆ ಹೋದ. ಇಂಬಳ ಬಿಡಿಸಲು ಹೊಗೆಸೊಪ್ಪು ಹಿಡಿದ ಆಳೊಬ್ಬ ಜೊತೆಗಿದ್ದ. ನಾನು ಮಾಡಿದ್ದಕ್ಕೆ ಶಾಸ್ತ್ರದಲ್ಲಿ ದಾರಿ ಇಲ್ಲವಂತೆ. ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ: ಎಸೆದವನದ್ದು ತಪ್ಪಲ್ಲವೇ?

"ಅವನು ಗಂಡು, ಸೋಮಾರಿತನ ಮಾಡಿದ," ಎಂದರು. "ನೀನು ನೋಡ್ಬಾರದ್ದನ್ನ ನೋಡಿದ್ದಿ. ಅದೂ ಬಾಯಿಬಿಟ್ಟು ಹೇಳಿದ್ದಿ."

ಕಾಲೇಜು ತೆರೆಯಿತು, ನನ್ನ ಟ್ರಂಕು ಅಟ್ಟದಲ್ಲೇ ಉಳಿಯಿತು. ನಾನು ಮೀನು ಕೆಡದಂತೆ ಇಟ್ಟಿದ್ದ ಗಾಜಿನ ಜಾಡಿಗಳನ್ನು ಅಣ್ಣನೇ ಕಾಫಿ ಗಿಡದ ಬುಡಕ್ಕೆ ಬಗ್ಗಿಸಿದ. ತೊಳೆದ ಜಾಡಿಗಳಲ್ಲಿ ಅತ್ತೆ ಉಪ್ಪಿನಕಾಯಿ ಹಾಕಿದರು. ಮಡಿಗೆ ಅದೇನೂ ಅಡ್ಡಬರಲಿಲ್ಲ.

ಅಮ್ಮ ಇದ್ದಾಗ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು. ಅವಳ ಹೊಟ್ಟೆಗೆ ಏನು ಸೇರಿತೆಂದು ಆಗ ಈ ಮನೆಯಲ್ಲಿ ಯಾರೂ ವಿಚಾರಿಸಿದ್ದನ್ನು ನಾನು ಕಾಣೆ.

ಈಗಲೂ ಅವಳ ಶ್ರಾದ್ಧದ ದಿನ ಅಣ್ಣ ಪಿಂಡ ಹಿಡಿದು ಹೊರಡುತ್ತಾನೆ. ಎಷ್ಟು ಹೊತ್ತಿಗೆ ಹಿಂದಿರುಗಿದನೆಂದು ನಾನು ನೋಡುವುದಿಲ್ಲ.