ಅನುಮಾನದ ಲಿಫ್ಟು

ಬೈಯಪ್ಪನಹಳ್ಳಿಯ ಗೋವಿಂದಮ್ಮನವರು ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ನಡೆದು, ಅನುಮಾನ ಬಂದು, ವಾಪಸ್ ಹೋಗಿ ಆ ಬೀಗವನ್ನು ಜಗ್ಗಿ ನೋಡದೆ ಒಂದು ದಿನವೂ ಬಸ್ಸು ಹತ್ತಿದವರಲ್ಲ. ಇಂಥ ತಾಯಿಯ ಮಗ ಭೀಮೇಶ, ಇಂದಿರಾನಗರದ ಸಣ್ಣ ಕಂಪನಿಯೊಂದರಲ್ಲಿ ಕೂತು ಲಿಫ್ಟುಗಳಿಗೆಂದೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರೆ ಅದು ಹೇಗಿರುತ್ತದೆ, ನೀವೇ ಹೇಳಿ! ಥೇಟ್ ಅಮ್ಮನ ಹಾಗೇ ಇತ್ತು.

ಹಳೇ ಭಾಷೆಯಲ್ಲಿ ಬರೆದ ಅಪ್ಪಣೆ ನೇರ ಮೋಟಾರಿಗೇ ಹೋಗುತ್ತಿತ್ತು. ವೇಗವೋ ವೇಗ, ತಪ್ಪಿದರೆ ಕೇಳುವವರಿಲ್ಲ. ಭೀಮೇಶನ ಭಾಷೆಯಲ್ಲಿ ನಡುವೆ ಒಂದು ವರ್ಚುವಲ್ ಮಷೀನ್ ಕೂತಿತ್ತು. ಕಬ್ಬಿಣದ್ದಲ್ಲ, ಬರೀ ಸಾಫ್ಟ್‌ವೇರಿನ ಯಂತ್ರ. ಅದು ಪ್ರತಿ ಅಪ್ಪಣೆಯನ್ನೂ ತಡೆದು, ‘ಬಾಗಿಲು ಹಾಕಿದೆಯಾ? ಖಂಡಿತಾ?’ ಎಂದು ವಿಚಾರಿಸಿ, ಚೂರು ಅನುಮಾನ ಬಂದರೂ ಲಿಫ್ಟನ್ನು ಅಲ್ಲೇ ನಿಲ್ಲಿಸುತ್ತಿತ್ತು. ಮ್ಯಾನೇಜರ್ ಶೀಬಾಗೆ ಈ ನಿಧಾನ ಕಂಡರಾಗದು. ಜೀವನ್ ಬಿಮಾ ನಗರದ ಅಪಾರ್ಟ್‌ಮೆಂಟಿನ ಅಧ್ಯಕ್ಷೆ ಅಮೃತಮ್ಮನವರು ಅಲ್ಲಿ ಹೊಸದಾಗಿ ಹಾಕಿದ ಲಿಫ್ಟನ್ನು ಹತ್ತಿ ನೋಡಿ ಒಪ್ಪಿದರೆ ಸರಿ, ಇಲ್ಲದಿದ್ದರೆ ಮೂರು ವರ್ಷದ ಕೆಲಸ ಕಸದಬುಟ್ಟಿಗೆ ಎಂದುಬಿಟ್ಟರು.

ಹತ್ತಿ ನೋಡುವ ದಿನ ಮಗನ ಲಿಫ್ಟು ನೋಡಲು ಗೋವಿಂದಮ್ಮನವರೂ ಬಂದು, ಅಮೃತಮ್ಮನವರ ಜೊತೆ ಒಳಹೊಕ್ಕರು. ಎರಡನೇ ಮಹಡಿ ದಾಟಿತೋ ಇಲ್ಲವೋ, ಅವರ ಕೈ ಸುಮ್ಮನಿರಬೇಕಲ್ಲ! ಬಾಗಿಲು ಸರಿಯಾಗಿ ಹಾಕಿಕೊಂಡಿದೆಯೇ ಎಂದು ಜಗ್ಗಿ ನೋಡಿದರು. ಬಾಗಿಲು ಕೂದಲೆಳೆಯಷ್ಟು ಅಲುಗಿತು. ಭಾಷೆಗೆ ಅನುಮಾನ ಬಂತು. ಲಿಫ್ಟು ಗಕ್ಕನೆ ನಿಂತಿತು.

ಪರೀಕ್ಷೆ ಮುಗಿಸಿಕೊಂಡು ಅದು ಮತ್ತೆ ಹೊರಟಿತು. ಯಾಕಪ್ಪಾ ನಿಂತಿತು ಎಂದು ಇವರು ಮತ್ತೆ ಜಗ್ಗಿದರು. ಅದು ಮತ್ತೆ ನಿಂತಿತು. ಇವರೂ ಬಿಡಲಿಲ್ಲ, ಅದೂ ಬಿಡಲಿಲ್ಲ.

“ಅಮ್ಮಾ, ಬಾಗಿಲು ಮುಟ್ಬೇಡ!” ಎಂದು ಕೆಳಗಿನಿಂದ ಭೀಮೇಶ ಫೋನಿನಲ್ಲಿ ಬಡಕೊಂಡ.

“ಮುಟ್ದೆ ಹೆಂಗೋ ಗೊತ್ತಾಗತ್ತೆ?”

“ಆ ಬಾಗಿಲಿನ ಚೆಕ್ ತೆಗೆದ್ಬಿಡಿ ಭೀಮೇಶ್, ಒಂದೇ ಸಾಲು,” ಎಂದು ಪಕ್ಕದಲ್ಲಿದ್ದ ಶೀಬಾ ಲ್ಯಾಪ್‌ಟಾಪ್ ಮುಂದಕ್ಕೆ ತಳ್ಳಿದರು. ಭೀಮೇಶನ ಬೆರಳು ಕೀಬೋರ್ಡಿನ ಮೇಲೆ ಬಂತು. ಜಗ್ಗಿ ಜಗ್ಗಿ ಬಾಗಿಲು ನಿಜಕ್ಕೂ ತೆರೆದುಕೊಂಡರೆ? ಒಳಗಿರುವವಳು ಅಮ್ಮ. ಅವನು ಕೈ ಹಿಂದಕ್ಕೆ ತೆಗೆದ.

“ಆಗಲ್ಲ ಮೇಡಂ. ಕಸಕ್ಕೆ ಹಾಕೋದಾದ್ರೆ ಹಾಕಿ.”

ಅಷ್ಟರಲ್ಲಿ ಫೋನಿನಿಂದ ಅಮ್ಮನ ಬೈಗುಳ ಬಂತು. “ಲೋ, ಅನುಮಾನ ಬಂದ್ರೆ ನಡುದಾರೀಲಿ ನಿಂತ್ಕೋತಾರೇನೋ? ನಾನು ಮನೆ ಬಾಗ್ಲಿಗೆ ಬಂದು ತಾನೇ ಬೀಗ ನೋಡೋದು!”

ಭೀಮೇಶ ಹಣೆ ಚಚ್ಚಿಕೊಂಡ. ಲಿಫ್ಟೂ ಹಾಗೇ, ಮೆಲ್ಲಗೆ ಹತ್ತಿರದ ಮಹಡಿಗೆ ಹೋಗಿ, ಬಾಗಿಲು ತೆರೆದು, ಆಮೇಲೆ ಅನುಮಾನ ಪಡಬೇಕು! ಮೂರು ವರ್ಷ ಇದು ಅವನ ತಲೆಗೇ ಹೊಳೆದಿರಲಿಲ್ಲ.

ಅಮೃತಮ್ಮನವರು ಗೋವಿಂದಮ್ಮನವರ ಎರಡೂ ಕೈ ಹಿಡಿದುಕೊಂಡ ಮೇಲೆಯೇ ಲಿಫ್ಟು ಮೇಲೆ ಹೋಗಿ ಕೆಳಗೆ ಬಂದದ್ದು.

“ಹಳೇ ಲಿಫ್ಟಾಗಿದ್ರೆ ಹೀಗೆ ನಿಲ್ತಿರ್ಲಿಲ್ವಾ?” ಎಂದು ಅಮೃತಮ್ಮನವರು ಇಳಿದು ಭೀಮೇಶನನ್ನು ಕೇಳಿದರು.

“ಇಲ್ಲ ಮೇಡಂ.”

“ಬಾಗಿಲು ನಿಜವಾಗ್ಲೂ ತೆಕ್ಕೊಂಡಿದ್ರೂ?”

“ಆಗ್ಲೂ ನಿಲ್ತಿರ್ಲಿಲ್ಲ.”

ಅಮೃತಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು. “ಇದೇ ಇರ್ಲಿ. ನಿಮ್ಮಮ್ಮ ಹೇಳಿದ್ದನ್ನ ಸೇರಿಸ್ಬಿಡಿ.”

ಸೇರಿಸಿದ ಮೇಲೆ ಗೋವಿಂದಮ್ಮನವರು ಇನ್ನೊಮ್ಮೆ ಬಂದು ಮಗನ ಜೊತೆ ಹತ್ತಿದರು. ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು.

“ಜಗ್ಗಿ ನೋಡಲ್ವೇನಮ್ಮ?”

“ನೀನು ನೋಡಿದೀಯಲ್ಲೋ. ಇನ್ನು ನಾನ್ಯಾಕೆ?”

ಭೀಮೇಶನಿಗೆ ಅಳು ಬಂತು, ಮುಖ ಆ ಕಡೆ ತಿರುಗಿಸಿದ. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಗೋವಿಂದಮ್ಮನವರು ಇಳಿಯಲಿಲ್ಲ.

“ಭೀಮಾ, ಕೆಳಗೇ ಹೋಗಣ. ಮನೆಗೆ ಬೀಗ ಹಾಕಿದ್ನೋ ಇಲ್ವೋ.”