ಹೀಟರ್ ಇಲ್ಲದ ಕಾರು

ಇವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸ ಇಷ್ಟು: ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿದ್ದು, ನಿನ್ನೆಯ ಧೂಳುಗಾಳಿಗೆ ಮಣ್ಣು ಹಿಡಿದ ಎಸಿಯ ಜಾಲರಿ ತೊಳೆದದ್ದು, ಬಾಲ್ಕನಿ ಒರೆಸಿದ್ದು, ಕೆಳಗಿನ ಬಕಾಲಾ ಅಂಗಡಿಯಿಂದ ಮೊಸರು ತರಿಸಿದ್ದು, ಮೈಸೂರಿಗೆ ಫೋನ್ ಮಾಡಿ ಅತ್ತೆಯ ಮಂಡಿನೋವು ವಿಚಾರಿಸಿದ್ದು, ಇವರ ಗ್ಯಾರೇಜಿನ ಬಟ್ಟೆ ಒಗೆಯಲು ಹಾಕಿದ್ದು. ಈ ಕೊನೆಯದನ್ನು ಮಾಡುವಾಗಲೇ ನನ್ನ ತಲೆ ಕೆಟ್ಟಿತು.

ಒಗೆಯುವ ಮೊದಲು ಜೇಬು ತಡಕುವುದು ನನ್ನ ಅಭ್ಯಾಸ. ನಟ್ಟು, ವಾಷರು, ಅರ್ಧ ತಿಂದ ಚ್ಯೂಯಿಂಗ್ ಗಮ್ಮು ಎಲ್ಲ ಸಿಗುತ್ತವೆ. ಇವತ್ತು ಸಿಕ್ಕಿದ್ದು ಅಂಗೈಯಗಲದ ಹಸಿರು ರೆಕ್ಸಿನ್ ತುಂಡು. ಮೂಗಿಗೆ ಹಿಡಿದರೆ ಬಿಸಿಲಿಗೆ ಕಾದ ಸೀಟು, ಪೆಟ್ರೋಲು, ಊದು ಧೂಪ ಎಲ್ಲ ಕಲಸಿದ ವಾಸನೆ. ಅಂಚಿನಲ್ಲಿ ಸೊಟ್ಟಗೆ ಓಡಿದ ಹೊಲಿಗೆ. ಆ ಸೊಟ್ಟತನವನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಹೊಲಿದವಳು ನಾನೇ. ಅದು ಬು ನಾಸರ್ ಅವರ ಕಾರಿನ ಸೀಟಿಗೆ ನಾನು ಹಾಕಿದ್ದ ತೇಪೆ.

ಬು ನಾಸರ್ ಎಂದರೆ ನಾಸರನ ಅಪ್ಪ. ಇಲ್ಲಿ ಕುವೈತಿನಲ್ಲಿ ಹಿರಿಯರನ್ನು ಮೊದಲ ಮಗನ ಹೆಸರು ಹಿಡಿದು ಕರೆಯುವುದು ವಾಡಿಕೆ. ಅದೇ ಲೆಕ್ಕದಲ್ಲಿ ನಾನು ಅವರಿಗೆ ಉಮ್ ಅನಿತಾ, ಅನಿತಳ ಅಮ್ಮ. ರಾಯ್‌ನಲ್ಲಿ ಇವರು ಫೋರ್‌ಮನ್ ಆಗಿರುವ ಗ್ಯಾರೇಜು ಅವರದೇ. ನಮ್ಮ ಇಕಾಮಾದ, ಅಂದರೆ ಇಲ್ಲಿರಲು ಕೊಡುವ ಪರವಾನಗಿಯ ಮೇಲೆ, ಕಫೀಲ್ ಎಂದು, ನಮಗೆ ಹೊಣೆ ನಿಂತ ಯಜಮಾನರೆಂದು ಇದ್ದದ್ದೂ ಅವರ ಹೆಸರೇ. ಈಗ ವಯಸ್ಸಾಯಿತೆಂದು ಎಲ್ಲವನ್ನೂ ಮಗನಿಗೆ ವಹಿಸಿ ಜಹ್ರಾದ ಮನೆಯಲ್ಲಿದ್ದಾರೆ.

ಅವರ ಕಾರು ನೀವು ನೋಡಬೇಕಿತ್ತು. ಎರಡೇ ಬಾಗಿಲು, ಉದ್ದ ಮೂತಿ, ಕೆಳಗೆ ಸ್ಟಾರ್ಟ್ ಮಾಡಿದರೆ ಮೇಲೆ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಮೆರಿಕದ ಹಳೆಯ ಮಸಲ್ ಕಾರು. ಹುಡುಗಾಟದ ವಯಸ್ಸಿನಲ್ಲಿ ಅದು ಹಡಗಿನಿಂದ ಇಳಿದ ದಿನವೇ ಕೊಂಡವರು ಅವರು. ಹಸಿರು ಬಣ್ಣ ಬಿಸಿಲಿಗೆ ಬಾಡಿ ಒಣಗಿದ ಕರಿಬೇವಿನ ಹಾಗಾಗಿತ್ತು, ಮತ್ತೆ ಬಳಿಸಲಿಲ್ಲ. ಸೀಟು ಸೀಳಿದಾಗಲೂ ಹೊಸದು ಹಾಕಿಸದೆ ನನ್ನ ಹೊಲಿಗೆ ಯಂತ್ರದ ಮುಂದೆ ತಂದಿಟ್ಟರು. ಬಣ್ಣ ಹೊಂದಲಿಲ್ಲ, ಹೊಲಿಗೆ ನೆಟ್ಟಗಾಗಲಿಲ್ಲ. "ಪರವಾಗಿಲ್ಲ ಬೆಹನ್, ನನ್ನ ಗಾಡಿಗೂ ಒಂದು ಇಂಡಿಯನ್ ತೇಪೆ ಬಂತು" ಎಂದು ನಕ್ಕರು. ಹಿಂದೊಮ್ಮೆ ಬೊಂಬಾಯಿಗೆ ವ್ಯಾಪಾರಕ್ಕೆ ಹೋಗಿಬಂದವರು, ಹಿಂದಿ ನನಗಿಂತ ಚೆನ್ನಾಗಿತ್ತು.

ಒಂದು ಚಳಿಗಾಲ ನಮ್ಮನ್ನೆಲ್ಲ ಆ ಕಾರಿನಲ್ಲಿ ಕೂರಿಸಿಕೊಂಡು ಜಹ್ರಾದಾಚೆ ಮರಳಿನಲ್ಲಿ ಹಾಕಿದ್ದ ಅವರ ಡೇರೆಗೆ ಕರೆದೊಯ್ದರು. ಕುವೈತಿನಲ್ಲಿ ಚಳಿಯೇ ಎಂದು ನಗುವವರು ಜನವರಿಯಲ್ಲಿ ಬಂದು ನೋಡಲಿ. ಅನಿತಾ ಆಗ ಚಿಕ್ಕವಳು, ಹಲ್ಲು ಕಟಕಟ ಎನ್ನುತ್ತಿತ್ತು.

"ಬು ನಾಸರ್, ಹೀಟರ್ ಹಾಕಿ" ಎಂದೆ.

"ಹೀಟರಾ? ಕೈ ಹಾಕಿ ನೋಡು, ಉಮ್ ಅನಿತಾ" ಎಂದು ಡ್ಯಾಶ್‌ಬೋರ್ಡಿನ ಅಡಿ ತೋರಿಸಿದರು. ಬೆರಳಿಗೆ ತಣ್ಣನೆಯ ತಗಡು ತಾಗಿತು. ಹೀಟರ್ ಕೂರುವ ತೂತನ್ನು ಕಾರ್ಖಾನೆಯಲ್ಲೇ ತಗಡು ಬಡಿದು ಮುಚ್ಚಿದ್ದರು. "ಮರಳುಗಾಡಿನವರಿಗೆ ಚಳಿ ಆಗಲ್ಲ ಅಂದ್ಕೊಂಡ ಅಮೆರಿಕದವನು. ನಮ್ಮನ್ನ ಒಂದು ಮಾತು ಕೇಳಿದ್ನಾ?" ಎಂದು ಬೈಯುತ್ತಲೇ ತಮ್ಮ ಕುರಿತುಪ್ಪಟದ ನಿಲುವಂಗಿ ತೆಗೆದು ನಮ್ಮಿಬ್ಬರ ಮೇಲೆ ಎಸೆದರು. ದಾರಿಯುದ್ದಕ್ಕೂ ತಾವು ನಡುಗಿದರು.

ಈಗ ಆ ಸೀಟಿನ ತುಂಡು ನನ್ನ ಕೈಯಲ್ಲಿ. ಇವರಿಗೆ ಫೋನ್ ಹಚ್ಚಿದೆ.

"ರೀ, ಬು ನಾಸರ್ ಕಾರಿಗೆ ಏನಾಗಿದೆ?"

"ನಾಸರ್ ಅದನ್ನ ಹಳೇ ಕಾರಿನ ಕಾಂಪಿಟಿಶನ್‌ಗೆ ಇಡ್ತಾನಂತೆ. ಎಲ್ಲ ಒರಿಜಿನಲ್ ಮಾಡ್ಬೇಕು. ಸೀಟು ಹೊಸದು ಹಾಕಿದ್ವಿ. ನೀನು ಹೊಲ್ದಿದ್ದನ್ನ ಎಸೆಯೋಕೆ ಮನಸ್ಸಾಗ್ಲಿಲ್ಲ."

"ಬಣ್ಣ?"

"ಕೆರೆದಾಯ್ತು. ಕಿಲೋಮೀಟರಿನ ಮೀಟರು ತೆಗೆದು ಮೈಲಿದು ಹಾಕಿದ್ವಿ. ಸಂಜೆ ಆ ತಗಡು ಕತ್ತರಿಸಿ ಹೀಟರ್ ಕೂರಿಸ್ಬೇಕು."

"ಅದಕ್ಕೆ ಹೀಟರ್ ಯಾವತ್ತು ಇತ್ರೀ?"

"ಆ ಕಾರಿನ ಪುಸ್ತಕದಲ್ಲಿದೆಯಂತೆ. ಅಮೆರಿಕದಿಂದ ತರ್ಸಿದ್ದಾನೆ. ಅದರಲ್ಲಿರೋ ಹಾಗೆ ಇಲ್ದಿದ್ರೆ ಮಾರ್ಕ್ಸ್ ಕಟ್."

"ನೀವು ಬಾಯಿ ಬಿಡ್ಲಿಲ್ವಾ?"

"ಒಂದ್ಸಲ ಹೇಳ್ದೆ. 'ಯಲ್ಲಾ, ಕೆಲಸ ನೋಡು' ಅಂದ. ಈಗ ಅವನೇ ಕಫೀಲ್ ಕಣೇ, ಬೇಡ ಅಂದ್ರೆ ಊರಿಗೆ ಹೊರಡ್ಬೇಕು. ಅನಿತಾ ಓದು ಮುಗೀಲಿ."

"ಅಪ್ಪನಿಗೆ ಗೊತ್ತಾ?"

"ಸರ್‌ಪ್ರೈಸ್ ಅಂತೆ."

ನೀವೇ ಹೇಳಿ, ಇದ್ದದ್ದನ್ನೆಲ್ಲ ಕಿತ್ತು, ಎಂದೂ ಇಲ್ಲದ್ದನ್ನು ತುರುಕಿ, ಅದಕ್ಕೆ ಒರಿಜಿನಲ್ ಎಂದು ಹೆಸರಿಡುವುದು ಯಾವ ಊರಿನ ನ್ಯಾಯ? ಪುಸ್ತಕ ಬರೆದವನು ತನ್ನೂರಿನ ಬೀದಿಯಲ್ಲಿ ಓಡುವ ಕಾರು ನೋಡಿ ಬರೆದ. ಹಡಗು ಹತ್ತಿ ಇಲ್ಲಿಗೆ ಬಂದ ಕಾರು ಹುಟ್ಟುವಾಗಲೇ ಬೇರೆ ಎಂಬುದು ಅವನಿಗೆ ಬೇಕಿರಲಿಲ್ಲ. ನನ್ನ ತೇಪೆ ಹೋಯಿತೆಂದು ಈ ಕೋಪವಲ್ಲ. ಸ್ವಲ್ಪ ಅದೂ ಇದೆ, ಇಲ್ಲವೆನ್ನುವುದಿಲ್ಲ. ನಮ್ಮ ಕನ್ನಡ ಸಂಘದ ಅಡುಗೆ ಸ್ಪರ್ಧೆಯಲ್ಲಿ ಊರಿಂದ ಬಂದ ಅತಿಥಿಯೊಬ್ಬರು ನನ್ನ ಪುಳಿಯೋಗರೆ ಬಾಯಿಗಿಟ್ಟು, "ಚೆನ್ನಾಗಿದೆ, ಆದರೆ ಅಸಲಿ ಅಲ್ಲ" ಎಂದಿದ್ದರು. ಬೆಲ್ಲದ ಬದಲು ಖರ್ಜೂರ ಹಾಕಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿ ಒಳ್ಳೆಯ ಬೆಲ್ಲ ಸಿಗದೆ ಹಾಗೆ ಕಲಿತದ್ದು. ನನ್ನ ಮಗಳು ಅನ್ನ ಕಲಸಿಕೊಂಡು ಬೆಳೆದದ್ದೇ ಆ ಗೊಜ್ಜಿನಲ್ಲಿ. ಅವಳಿಗೆ ಅದಕ್ಕಿಂತ ಅಸಲಿ ಯಾವುದು? ಅಂದು ಹಲ್ಲು ಕಿರಿದು ಸುಮ್ಮನೆ ಬಂದಿದ್ದೆ.

ಆದರೆ ಇದು ಗೊಜ್ಜಿನ ಮಾತಲ್ಲ. ಸಕ್ಕರೆ ಕಾಯಿಲೆಗೆ ಬು ನಾಸರ್ ಅವರ ಕಣ್ಣು ಹೋಗಿದೆ. ಈದ್‌ಗೆ ನೋಡಲು ಹೋದಾಗ ಹೇಳಿದ್ದರು, ಆಗೀಗ ಆ ಕಾರಿನಲ್ಲಿ ಕೂತು ಎಲ್ಲ ಕಡೆ ಕೈಯಾಡಿಸುತ್ತೇನೆ, ಆಗ ಎಲ್ಲ ಕಾಣುತ್ತದೆ ಎಂದು. ಕೈಗೆ ಕಾಣುವುದನ್ನೂ ಕಿತ್ತರೆ ಆ ಮನುಷ್ಯನಿಗೆ ಉಳಿಯುವುದೇನು?

ಜಹ್ರಾದ ನಂಬರು ಒತ್ತುವುದನ್ನು ಕಂಡು ಅನಿತಾ ಓಡಿಬಂದಳು. "ಅಮ್ಮಾ, ಪ್ಲೀಸ್, ಡೋಂಟ್! ಪಪ್ಪನ ಜಾಬ್... ಇಟ್ಸ್ ದೇರ್ ಕಾರ್."

"ಅವರದ್ದಲ್ಲ ಕಣೇ, ಅವನಪ್ಪಂದು."

ಬು ನಾಸರ್ ಎತ್ತಿದರು. "ನಿಮ್ಮ ಹಸಿರು ಗಾಡಿಗೆ ಹೀಟರ್ ಹಾಕ್ತಿದ್ದಾರೆ" ಎಂದೆ.

"ಅದು ಇನ್ನೂ ಹಸಿರು ಇದೆಯಾ?" ಎಂದರು.

"ಸೀಟಿನ ನನ್ನ ತೇಪೆ ಈಗ ನನ್ನ ಕೈಯಲ್ಲಿದೆ" ಎಂದೆ. "ಶುಕ್ರನ್, ಉಮ್ ಅನಿತಾ" ಎಂದು ಫೋನ್ ಇಟ್ಟರು.

ಸಂಜೆ ಇವರು ಬಂದು ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ಕೂತರು. ತಗಡಿಗೆ ಕತ್ತರಿ ಯಂತ್ರ ತಾಗಿಸುವ ಹೊತ್ತಿಗೆ ಗಾಲಿಕುರ್ಚಿಯಲ್ಲಿ ಬು ನಾಸರ್ ಬಂದರಂತೆ. ಬಣ್ಣ ಕೆರೆದ ಬಾನೆಟ್ಟಿನ ಮೇಲೆ ಕೈಯಿಟ್ಟು, ಬಿಸಿ ತಾಗಿದವರಂತೆ ಹಿಂದೆಳೆದುಕೊಂಡರಂತೆ. ಒಳಗೆ ಕೂರಿಸಿ ಎಂದವರು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ, ತಗಡು ಸಿಕ್ಕ ಮೇಲೆ ಕೈ ತೆಗೆಯಲೇ ಇಲ್ಲವಂತೆ.

"ಇದನ್ನ ಮುಟ್ಟಬೇಡಿ" ಎಂದರಂತೆ.

"ಯುಬಾ, ಮಾರ್ಕ್ಸ್ ಹೋಗುತ್ತೆ" ಎಂದನಂತೆ ಮಗ.

"ಅವತ್ತು ಆ ಅಮೆರಿಕದವನು ನನಗೆ ಚಳಿ ಆಗಲ್ಲ ಅಂದ. ಇವತ್ತು ಹೀಟರ್ ಯಾಕಿಲ್ಲ ಅಂತ ನನ್ನ ಮಾರ್ಕೇ ಕಟ್ ಮಾಡ್ತಾನಾ? ಎರಡು ಸಲವೂ ಅವನೇ ಸರಿಯಾ? ಖಲಾಸ್!"

ತಗಡು ಉಳಿಯಿತು. ಹಳೆಯ ಮೀಟರನ್ನು ಮತ್ತೆ ಕೂರಿಸಬಹುದಂತೆ. ಬಣ್ಣ ಮಾತ್ರ ಪುಡಿಯಾಗಿ ಗುಡಿಸಿ ಹೋಗಿದೆ, ಅದನ್ನು ಯಾವ ಪುಸ್ತಕವೂ ತಂದುಕೊಡುವುದಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

"ಅಪ್ಪನಿಗೆ ಹೇಳಿದ್ಯಾರು ಅಂತ ನಾಸರ್ ಕೇಳ್ದ" ಎಂದರು ಇವರು.

"ನೀವೇನಂದ್ರಿ?"

"ನನ್ನ ಹೆಂಡ್ತಿ ಅಂದೆ. ಸರಿಯಾಗೇ ಹೇಳಿದ್ದಾಳೆ ಅಂತಲೂ ಅಂದೆ."

"ಅದಕ್ಕೆ?"

"ಬೆಳಿಗ್ಗೆ ಆಫೀಸಿಗೆ ಬಾ ಅಂದ."

ಮಧ್ಯಾಹ್ನದಿಂದ ಕೂಡಿಟ್ಟುಕೊಂಡಿದ್ದ ಸಿಟ್ಟಿನಲ್ಲಿ ಇವರ ಪಾಲಿನದು ಅಷ್ಟಕ್ಕೇ ಇಳಿಯಿತು. ಉಳಿದದ್ದು ಇಳಿದಿಲ್ಲ, ಇಳಿಯುವುದೂ ಬೇಡ.

ರಾತ್ರಿ ಬಿಸಿ ಅನ್ನ, ಮೆಂತ್ಯಸೊಪ್ಪಿನ ಹುಳಿ, ಹಪ್ಪಳ. ಅನಿತಾ ಅಪ್ಪನ ತಟ್ಟೆಗೆ ತನ್ನ ಹಪ್ಪಳವನ್ನೂ ಇಟ್ಟಳು. ಇವರು ಮಜ್ಜಿಗೆಗೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು. ನಾಳೆ ಕಫೀಲನ ಮುಂದೆ ನಿಲ್ಲಬೇಕಾದವರೇ, ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.